ಬ್ಯಾಂಡ್‌ಸಾ ಮನೆಗೆ ಬಂತು: ಪೆಟ್ಟಿಗೆ ಬಿಚ್ಚುವುದರಿಂದ ಮೊದಲ ಹಲಗೆ ಸೀಳುವವರೆಗೆ

ಪುಣೆಯ ಧನಕವಡಿಯಲ್ಲಿ ನಮ್ಮದೊಂದು ರೋ ಹೌಸ್. ಕಾರಿಗೆ ಅಂತ ಬಿಟ್ಟ ಜಾಗದಲ್ಲಿ ಕಾರು ನಿಲ್ಲುವುದಿಲ್ಲ. ಅಲ್ಲಿ ಒಂದು ಬೆಂಚು, ಒಂದಿಷ್ಟು ಉಳಿ, ಅಜ್ಜನ ಕಾಲದ ಕೀಸುಳಿ ಇದ್ದವು. ಎರಡು ವರ್ಷದ ಹಿಂದೆ 10 ಇಂಚಿನ ಬ್ಯಾಂಡ್‌ಸಾ ಬಂದು ಸೇರಿಕೊಂಡಿತು. ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುತ್ತಾ ಮರ ಕೊಯ್ಯುವ ಯಂತ್ರ ಅದು. ಮಧ್ಯಾಹ್ನ ಟೆಂಪೋದಿಂದ ಇಳಿಯಿತು, ಸಂಜೆ ಐದಕ್ಕೆ ನಾನು ಅದಕ್ಕೆ ತೇಗದ ತುಂಡು ಕೊಟ್ಟಾಗಿತ್ತು. ಧಾರವಾಡದ ಹಳೇ ಮನೆ ಕೆಡವಿದಾಗ ಎತ್ತಿಟ್ಟುಕೊಂಡಿದ್ದ ಬಾಗಿಲ ಚೌಕಟ್ಟಿನ ತುಂಡು ಅದು. ನಾಲ್ಕು ಇಂಚು ಅಗಲ. ಅಡ್ಡಕ್ಕೆ ನಿಲ್ಲಿಸಿ ಎರಡು ತೆಳು ಹಲಗೆಯಾಗಿ ಸೀಳಬೇಕಿತ್ತು. ಮೇಲಿನಿಂದ ನೋಡಿದರೆ ಬ್ಲೇಡ್ ಗೆರೆ ಮೇಲೇ ಹೋಗುತ್ತಿತ್ತು. ಬಿಡಿಸಿ ನೋಡಿದರೆ ಒಂದು ಹಲಗೆಗೆ ಹೊಟ್ಟೆ ಬಂದಿತ್ತು, ಇನ್ನೊಂದು ನಡುವೆ ತಗ್ಗಾಗಿತ್ತು. ಸುಟ್ಟ ವಾಸನೆ ಬೇರೆ.

ಯಂತ್ರ ಮಾರಿದವರಿಗೆ ಮನಸ್ಸಿನಲ್ಲೇ ಬೈದು, ಊರಿನ ಬಡಿಗ ಕಾಕಾಗೆ ಫೋನ್ ಮಾಡಿದೆ. ಎಲ್ಲಾ ಕೇಳಿ ನಕ್ಕರು. “ತಮ್ಮಾ, ಸಂತ್ಯಾಗಿಂದ ಎತ್ತು ತಂದ ದಿನಾನ ನೊಗಕ್ಕ ಹೂಡತಾರೇನ?” ಅಂದರು.

ತಪ್ಪು ಯಂತ್ರದ್ದಲ್ಲ. ಜೊತೆಗೆ ಬಂದ ಬ್ಲೇಡ್ ಆ ಕೆಲಸದ್ದಾಗಿರಲಿಲ್ಲ, ಬ್ಲೇಡನ್ನು ಅತ್ತಿತ್ತ ಹೋಗದ ಹಾಗೆ ತಡೆಯುವ ಗೈಡ್‌ಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ಬ್ಯಾಂಡ್‌ಸಾ ಕಾರ್ಖಾನೆಯಿಂದ ಹೊಂದಿಸಿಕೊಂಡು ಬರುವುದಿಲ್ಲ. ಹೊಂದಿಸುವುದು ನಮ್ಮ ಕೆಲಸ. ಅದಕ್ಕೆ ಒಂದು ಪೂರ್ತಿ ಭಾನುವಾರ ಬೇಕು. ಆ ಭಾನುವಾರ ಏನೇನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಜಾಗ ಮತ್ತು ಕರೆಂಟು

ಮನೆಯಲ್ಲಿ ಇಡುವ ಮೊದಲ ದೊಡ್ಡ ಯಂತ್ರ ಬ್ಯಾಂಡ್‌ಸಾನೇ ಆಗಲಿ ಅಂತ ನನ್ನ ಅಭಿಪ್ರಾಯ. ದುಂಡು ಬ್ಲೇಡಿನ ಟೇಬಲ್ ಸಾ ಮರವನ್ನು ಎತ್ತಿ ನಮ್ಮ ಕಡೆಗೇ ಒಗೆಯಬಲ್ಲದು. ಬ್ಯಾಂಡ್‌ಸಾದಲ್ಲಿ ಬ್ಲೇಡ್ ಮೇಲಿನಿಂದ ಕೆಳಗೆ ಹೋಗುತ್ತದೆ, ಮರವನ್ನು ಟೇಬಲ್‌ಗೇ ಒತ್ತುತ್ತದೆ. ಸದ್ದೂ ಕಡಿಮೆ. ಹಾಗಂತ ಬೆರಳಿಗೆ ಅದೇನೂ ಮರ್ಯಾದೆ ಕೊಡುವುದಿಲ್ಲ, ಆ ಮಾತು ಮುಂದೆ ಬರುತ್ತದೆ.

ಬ್ಲೇಡ್‌ನ ಮುಂದೆ ಮತ್ತು ಹಿಂದೆ ನಿಮ್ಮ ಅತಿ ಉದ್ದದ ಹಲಗೆಯಷ್ಟು ಜಾಗ ಖಾಲಿ ಇರಲಿ. ಬದಿಗೆ ಅಷ್ಟು ಬೇಕಾಗಿಲ್ಲ, ಗೋಡೆಗೆ ತಾಗಿಸಿಟ್ಟರೂ ನಡೆಯುತ್ತದೆ. ಕಾಲುಗಳು ಅಲುಗಬಾರದು. ಪಾರ್ಕಿಂಗ್ ನೆಲಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ, ಅಲ್ವಾ? ಒಂದು ಕಾಲಿನ ಕೆಳಗೆ ಪ್ಲೈವುಡ್ ಚೂರು ಇಡಬೇಕಾಗುತ್ತದೆ. ಯಂತ್ರದ ಕೆಳಗೆ ದಪ್ಪ ರಬ್ಬರ್ ಹಾಸಿದರೆ ಪಕ್ಕದ ಮನೆ ಗೋಡೆಗೆ ನಡುಕ ಹೋಗುವುದಿಲ್ಲ.

550 ವ್ಯಾಟ್‌ನ ಮೋಟರ್ 230 ವೋಲ್ಟ್‌ನಲ್ಲಿ ಓಡುವಾಗ ಎರಡೂವರೆ ಮೂರು ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು. ಹಾಗಾಗಿ 16 ಆಂಪಿಯರ್ ಪ್ಲಗ್ ಪಾಯಿಂಟ್‌ಗೆ ಹಾಕುವುದೇ ಒಳ್ಳೆಯದು. ಅರ್ಥಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಶಿಯನ್ ಕರೆಸಿ ನೋಡಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಅದೇ ದಿನ ಹಾಕಿಸಿ. ಎಕ್ಸ್‌ಟೆನ್ಶನ್ ಅನಿವಾರ್ಯವಾದರೆ ದಪ್ಪ ವೈರಿನದು ಇರಲಿ. ಸುರುಳಿ ಸುತ್ತಿಟ್ಟು ಬಳಸಬೇಡಿ, ಬಿಸಿಯಾಗುತ್ತದೆ.

ಸದ್ದಿನ ವಿಷಯ ಒಂದು ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನೇ ಶಾಂತಿ ಕೇಳುತ್ತದೆ. ಪುಣೆಯಲ್ಲಿ ಇನ್ನೊಂದು ಬರೆಯದ ಕಾನೂನಿದೆ: ಮಧ್ಯಾಹ್ನ ಒಂದರಿಂದ ನಾಲ್ಕು. ನಮ್ಮ ಪಕ್ಕದ ಮನೆಯ ಅಜ್ಜ, ಆಜೋಬಾ, ಆ ಹೊತ್ತಿಗೆ ಮಲಗುತ್ತಾರೆ. ನಾನೂ ಮಲಗುವುದನ್ನು ಕಲಿತಿದ್ದೇನೆ.

ಪೆಟ್ಟಿಗೆ ಬಿಚ್ಚುವಾಗ

ಇಬ್ಬರು ಬೇಕು. ಟೇಬಲ್ ಹಿಡಿದು ಎತ್ತಬೇಡಿ. ಟೇಬಲ್‌ನ ಕೆಳಗಿರುವ ಓರೆ ಮಾಡುವ ಭಾಗಕ್ಕೆ ಅಷ್ಟು ಭಾರ ತಡೆಯುವ ಶಕ್ತಿ ಇರುವುದಿಲ್ಲ, ಅದು ಜರುಗಿದರೆ ಆಮೇಲೆ ಜೀವನಪರ್ಯಂತ ಕಿರಿಕಿರಿ. ಯಂತ್ರದ ಬೆನ್ನಿನ ಕಂಬ ಹಿಡಿದು ಎತ್ತಿ.

ಎರಕದ ಕಬ್ಬಿಣದ ಟೇಬಲ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಜಿಡ್ಡು ಬಳಿದಿರುತ್ತಾರೆ. ಮೊದಲೆಲ್ಲ ಚಿಮಣಿ ಎಣ್ಣೆಯಲ್ಲಿ ಒರೆಸುತ್ತಿದ್ದರು. ಈಗ ಅದು ಎಲ್ಲಿ ಸಿಗಬೇಕು? ಪೇಂಟ್ ಅಂಗಡಿಯ ಟರ್ಪಂಟೈನ್ ಸಾಕು. ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತಕ್ಷಣ ಮೇಣ ಹಚ್ಚಿ ಉಜ್ಜಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಹೊರಗೆ ಹರಡಿ ಒಣಗಿಸಿ.

ಈಗ ಎರಡೂ ಬಾಗಿಲು ತೆಗೆಯಿರಿ. ಪ್ಲಗ್ ಕಿತ್ತಿರಲಿ. ಪ್ಲಗ್‌ನ ತುದಿ ನಿಮ್ಮ ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲೇ ಇಟ್ಟುಕೊಳ್ಳಿ. ಒಳಗೆ ಮೇಲೊಂದು ಕೆಳಗೊಂದು ಚಕ್ರ, ಅವಕ್ಕೆ ರಬ್ಬರ್ ಪಟ್ಟಿ. ಕೆಳಗಿನದನ್ನು ಮೋಟರ್ ತಿರುಗಿಸುತ್ತದೆ, ಮೇಲಿನದು ಸುಮ್ನೆ ಹಿಂಬಾಲಿಸುತ್ತದೆ. ಮೇಲಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ. ಕುಲುಕಬಾರದು, ಗರಗರ ಅನ್ನಬಾರದು. ರಬ್ಬರ್‌ನಲ್ಲಿ ಸೀಳು ಇದ್ದರೆ ಅಂದೇ ಫೋಟೋ ತೆಗೆದು ಅಂಗಡಿಗೆ ಕಳಿಸಿ, ನಾಳೆ ಅನ್ನಬೇಡಿ.

ಬ್ಲೇಡ್: ಯಾವುದು, ಯಾಕೆ

ಜೊತೆಗೆ ಬರುವ ಬ್ಲೇಡ್ ಸಾಮಾನ್ಯವಾಗಿ ಹೆಸರಿಗೆ ಬ್ಲೇಡ್. ಅದನ್ನು ಯಂತ್ರ ಹೊಂದಿಸುವುದು ಕಲಿಯಲು ಇಟ್ಟುಕೊಳ್ಳಿ. ಕೆಲಸಕ್ಕೆ ಎರಡು ಒಳ್ಳೆಯ ಬ್ಲೇಡ್ ತನ್ನಿ: ತಿರುವುಗಳಿಗೆ ಕಾಲು ಇಂಚು ಅಗಲ, ಇಂಚಿಗೆ 6 ಹಲ್ಲಿನದು. ದಪ್ಪ ಮರ ಸೀಳಲು ಅರ್ಧ ಇಂಚು ಅಗಲ, ಇಂಚಿಗೆ 3 ಹಲ್ಲಿನದು.

ಹಲ್ಲಿನ ಲೆಕ್ಕ ಸುಲಭ. ಒಂದೇ ಹೊತ್ತಿಗೆ ಮರದೊಳಗೆ ಕನಿಷ್ಠ ಮೂರು ಹಲ್ಲು ಇರಬೇಕು. ಇಲ್ಲದಿದ್ದರೆ ಮರ ಹಲ್ಲಿಗೆ ಸಿಕ್ಕಿ ಕುಪ್ಪಳಿಸುತ್ತದೆ. ಆರರಿಂದ ಹನ್ನೆರಡು ಇದ್ದರೆ ಚೆಂದ. ಜಾಸ್ತಿಯಾದರೂ ತೊಂದರೆ. ನನ್ನ ತೇಗದ ತುಂಡನ್ನೇ ನೋಡಿ. ನಾಲ್ಕು ಇಂಚು, ಇಂಚಿಗೆ 6 ಹಲ್ಲು, ಅಂದರೆ ಒಳಗೆ 24 ಹಲ್ಲು. ಹಲ್ಲುಗಳ ನಡುವಿನ ಪುಟ್ಟ ಕುಳಿಗಳೇ ಪುಡಿಯನ್ನು ಹೊತ್ತು ಹೊರಗೆ ತರಬೇಕು. ಅವು ಅರ್ಧ ದಾರಿಯಲ್ಲೇ ತುಂಬಿಹೋದವು. ಪುಡಿಗೆ ಹೋಗಲು ಜಾಗವಿಲ್ಲ, ಬ್ಲೇಡ್‌ಗೆ ಕೊಯ್ಯಲು ಆಗುತ್ತಿಲ್ಲ, ನಾನು ಹಿಂದಿನಿಂದ ದೂಡುತ್ತಲೇ ಇದ್ದೇನೆ. ಕಾಲಿಂಚಿನ ಬಡಕಲು ಪಟ್ಟಿ ಇನ್ನೇನು ಮಾಡೀತು? ನಡುವೆ ಬಿಲ್ಲಿನ ಹಾಗೆ ಬಾಗಿತು. ಹಲಗೆಗೆ ಹೊಟ್ಟೆ ಬಂದದ್ದು ಹೀಗೆ. ಅದೇ ತುಂಡಿಗೆ 3 ಹಲ್ಲಿನ ಬ್ಲೇಡ್ ಹಾಕಿದ್ದರೆ ಒಳಗೆ 12 ಹಲ್ಲು ಇರುತ್ತಿದ್ದವು.

ಅಗಲದ ಲೆಕ್ಕ ತಿರುವಿಗೆ. ಕಾಲಿಂಚಿನ ಬ್ಲೇಡ್ ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವನ್ನು ತೆಗೆದುಕೊಳ್ಳುತ್ತದೆ. ಅರ್ಧ ಇಂಚಿನದಕ್ಕೆ 64 ಮಿಲಿಮೀಟರ್ ಬೇಕು. ಇದಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಬ್ಲೇಡ್ ತಿರುಚಿಕೊಳ್ಳುತ್ತದೆ, ಇಲ್ಲವೇ ಚಕ್ರದಿಂದ ಜಾರುತ್ತದೆ.

ಉದ್ದ ಮಾತ್ರ ಸರಿಯಾಗಿ ನಿಮ್ಮ ಯಂತ್ರದ್ದೇ ಇರಬೇಕು. ಮ್ಯಾನ್ಯುಯಲ್ ಕಳೆದಿದ್ದರೆ ಹಳೇ ಬ್ಲೇಡ್ ಮೇಲೆ ಸ್ಕೆಚ್ ಪೆನ್ನಿನ ಗುರುತು ಹಾಕಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆಯಿರಿ. ಆ ಉದ್ದಕ್ಕೆ ಪಟ್ಟಿ ಕತ್ತರಿಸಿ ಬೆಸೆದು ಕೊಡುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ನಾನು ಮೊದಲ ಸಲ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಗೆ ಹೋಗಿ, ನಾಗದೇವಿ ಸ್ಟ್ರೀಟಿನಲ್ಲಿ ಅಲೆದು ತಂದೆ. ಅಷ್ಟು ದೂರ ಹೋಗಬೇಕಿರಲಿಲ್ಲ, ಆದರೆ ಆ ಬೀದಿಯ ಹಾರ್ಡ್‌ವೇರ್ ಅಂಗಡಿಗಳನ್ನು ನೋಡುವುದೇ ಒಂದು ಜಾತ್ರೆ.

ಬ್ಲೇಡ್ ಏರಿಸುವುದು

ಮೊದಲು ಮೇಲಿನ ಮತ್ತು ಕೆಳಗಿನ ಗೈಡ್‌ಗಳನ್ನೆಲ್ಲ ಹಿಂದಕ್ಕೆ, ಬ್ಲೇಡ್‌ನಿಂದ ದೂರಕ್ಕೆ ಸರಿಸಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ಕೈಕೊಡುತ್ತದೆ. ಗೈಡ್ ಬ್ಲೇಡನ್ನು ಒಂದು ಕಡೆ ತಳ್ಳುತ್ತಿರುತ್ತದೆ, ನೀವು ಚಕ್ರ ಸರಿಯಿಲ್ಲ ಅಂದುಕೊಳ್ಳುತ್ತೀರಿ.

ಮಡಚಿದ ಬ್ಲೇಡ್ ಬಿಚ್ಚುವಾಗ ಮುಖ ದೂರ ಇರಲಿ, ಅದು ಹಾವಿನ ಹಾಗೆ ಚಿಮ್ಮುತ್ತದೆ. ಇಲ್ಲಿ ಮಾತ್ರ ಕೈಗವಸು ಸರಿ. ಟೇಬಲ್ ಸೀಳಿನಿಂದ ಒಳಗೆ ತಂದು ಎರಡೂ ಚಕ್ರಕ್ಕೆ ಹಾಕಿ. ಟೇಬಲ್ ಹತ್ತಿರ ಹಲ್ಲುಗಳ ತುದಿ ಕೆಳಮುಖವಾಗಿ, ನಿಮ್ಮ ಕಡೆಗೆ ಇರಬೇಕು. ಹೇಗೆ ತಿರುಗಿಸಿದರೂ ಮೇಲೇ ನೋಡುತ್ತಿವೆಯೇ? ಬ್ಲೇಡ್ ಒಳಹೊರಗಾಗಿದೆ. ಹಳೇ ಸೈಕಲ್ ಟೈರ್ ಮಗುಚುವ ಹಾಗೆ ಕೈಯಲ್ಲೇ ತಿರುವಿ ಹಾಕಿ.

ಸ್ವಲ್ಪ ಬಿಗಿ ಮಾಡಿ. ಈಗ ಮೇಲಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ, ಬ್ಲೇಡ್ ರಬ್ಬರ್ ಮೇಲೆ ಎಲ್ಲಿ ಓಡುತ್ತಿದೆ ನೋಡಿ. ನಡುವೆ ಓಡಬೇಕು. ಮುಂದಕ್ಕೆ ಬರುತ್ತಿದ್ದರೆ ಮೇಲಿನ ಚಕ್ರವನ್ನು ಓರೆ ಮಾಡುವ ಹಿಂಬದಿಯ ಟ್ರ್ಯಾಕಿಂಗ್ ತಿರುಪನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಚಕ್ರ ಹತ್ತು ಸುತ್ತು. ತಿರುಪು ತಿರುಗಿಸಿದ ತಕ್ಷಣ ಬ್ಲೇಡ್ ಜಾಗ ಬದಲಿಸುವುದಿಲ್ಲ. ಸುತ್ತು ಸುತ್ತಿಗೂ ಕೂದಲೆಳೆಯಷ್ಟು ಸರಿಯುತ್ತದೆ. ಇಲ್ಲಿ ಅವಸರ ಮಾಡಿದವರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಂತ ಅರ್ಧ ಗಂಟೆ ಕಳೆಯುತ್ತಾರೆ. ನಾನು ಮುಕ್ಕಾಲು ಗಂಟೆ ಕಳೆದೆ.

ನಡುವೆ ನಿಂತ ಮೇಲೆ ಪೂರ್ತಿ ಬಿಗಿ. ಯಂತ್ರದ ಮೇಲಿನ ಅಳತೆಗೀಟುಗಳನ್ನು ನಾನು ನಂಬುವುದಿಲ್ಲ, ಒಳಗಿನ ಸ್ಪ್ರಿಂಗ್ ದಿನ ಕಳೆದಂತೆ ಸಡಿಲವಾಗುತ್ತದೆ. ಮೇಲಿನ ಗೈಡನ್ನು ಟೇಬಲ್‌ನಿಂದ ಆರು ಇಂಚು ಎತ್ತಿ, ನಡುವೆ ಬೆರಳಿನಿಂದ ಬ್ಲೇಡನ್ನು ಬದಿಗೆ ಒತ್ತಿ. ಕಾಲಿಂಚಿನಷ್ಟು ಬಾಗಿ ನಿಂತರೆ ಸರಿ. ಬಿಗಿ ಬದಲಾದರೆ ಓಟವೂ ಬದಲಾಗುತ್ತದೆ, ಹಾಗಾಗಿ ಇನ್ನೊಮ್ಮೆ ಚಕ್ರ ತಿರುಗಿಸಿ ನೋಡಿ.

ಎರಡೂ ಬಾಗಿಲು ಮುಚ್ಚಿ, ಪ್ಲಗ್ ಹಾಕಿ, ಒಂದು ಸೆಕೆಂಡು ಆನ್ ಮಾಡಿ ಆಫ್ ಮಾಡಿ. ಯಂತ್ರದ ಎದುರು ನಿಲ್ಲಬೇಡಿ, ಬಲಕ್ಕೂ ಬೇಡ. ಬ್ಲೇಡ್ ತುಂಡಾದರೆ ಸಾಮಾನ್ಯವಾಗಿ ಆ ಬದಿಗೇ ಹಾರುತ್ತದೆ. ಎಡಗಡೆ ಸರಿದು ನಿಂತು ಸ್ವಿಚ್ ಒತ್ತಿ. ಸದ್ದು ಸಮವಾಗಿದ್ದರೆ ಒಂದು ನಿಮಿಷ ಓಡಲಿ. ಟಕ್ ಟಕ್ ಅಂತ ಲಯದಲ್ಲಿ ಬಂದರೆ ಬೆಸುಗೆ ಉಬ್ಬಿದೆ ಅಂತ ಅರ್ಥ.

ಟೇಬಲ್ ಮತ್ತು ಗೈಡ್

ಪ್ಲಗ್ ಮತ್ತೆ ಹೊರಗೆ. ಟೇಬಲ್ ಮೇಲೆ ಮೂಲೆಮಟ್ಟ ಇಟ್ಟು ಬ್ಲೇಡ್‌ಗೆ ತಾಗಿಸಿ. ಹಲ್ಲಿಗೆ ತಾಗಬಾರದು, ಹಲ್ಲುಗಳು ಎಡಬಲಕ್ಕೆ ಬಾಗಿರುತ್ತವೆ. ಹಲ್ಲಿನ ಹಿಂದಿನ ಸಪಾಟು ಮೈಗೆ ತಾಗಲಿ. ಹಿಂದಿನಿಂದ ಬೆಳಕು ಕಾಣದ ಹಾಗೆ ಟೇಬಲ್ ಹೊಂದಿಸಿ, ಕೆಳಗಿನ ತಡೆ ಬೋಲ್ಟ್ ಅಲ್ಲೇ ಬಿಗಿ ಮಾಡಿ. ಆಮೇಲೆ ಒಂದು ಪರೀಕ್ಷೆ. ಪ್ಲಗ್ ಹಾಕಿ, ದಪ್ಪ ಚೌಕ ತುಂಡಿಗೆ ಅರ್ಧ ಸೆಂಟಿಮೀಟರ್ ಗಾಯ ಮಾಡಿ ಯಂತ್ರ ನಿಲ್ಲಿಸಿ, ಪ್ಲಗ್ ಮತ್ತೆ ಕೀಳಿ. ತುಂಡನ್ನು ಮೇಲುಕೆಳಗು ಮಾಡಿ ಆ ಗಾಯವನ್ನು ಬ್ಲೇಡ್‌ನ ಬೆನ್ನಿಗೆ ತನ್ನಿ. ಬೆನ್ನು ಸಲೀಸಾಗಿ ಒಳಗೆ ಕೂತರೆ ಟೇಬಲ್ ನೇರ ಇದೆ. ಮೂಲೆಮಟ್ಟ ಸುಳ್ಳು ಹೇಳಿದರೂ ಇದು ಹೇಳುವುದಿಲ್ಲ.

ಗೈಡ್‌ಗಳು ಮೂರು ಮೂರು ಇರುತ್ತವೆ. ಬ್ಲೇಡ್‌ನ ಎಡಕ್ಕೊಂದು, ಬಲಕ್ಕೊಂದು, ಬೆನ್ನಿಗೊಂದು ಬೇರಿಂಗ್. ಇದೇ ಸೆಟ್ ಟೇಬಲ್ ಮೇಲೂ ಇದೆ, ಕೆಳಗೂ ಇದೆ. ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ ಅಂತ ಬಿಟ್ಟುಬಿಡುವವರೇ ಹೆಚ್ಚು. ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ, ಅದನ್ನೂ ಮಾಡಲೇಬೇಕು.

ಮೊದಲು ಬದಿಯ ಗೈಡ್‌ಗಳನ್ನು ಮುಂದೆ ಹಿಂದೆ ಸರಿಸಿ, ಅವುಗಳ ಮುಂಚೂಣಿ ಹಲ್ಲಿನ ಕುಳಿಗಿಂತ ಒಂದು ಮಿಲಿಮೀಟರ್ ಹಿಂದೆ ಇರಲಿ. ಹಲ್ಲಿಗೆ ತಾಗಿದರೆ ಹಲ್ಲು ಹೋಯಿತು ಅಂತಲೇ ಲೆಕ್ಕ. ಆಮೇಲೆ ಬದಿಯ ಸಂದು. ಯಂತ್ರ ಕೊಂಡ ಅಂಗಡಿಯ ರಸೀದಿಯನ್ನೇ ಎರಡು ಪಟ್ಟಿಯಾಗಿ ಕತ್ತರಿಸಿಕೊಂಡೆ (ಗ್ಯಾರಂಟಿಗೆ ಫೋಟೋ ತೆಗೆದಿಟ್ಟುಕೊಂಡು). ಬ್ಲೇಡ್‌ನ ಎರಡೂ ಬದಿಗೆ ಒಂದೊಂದು ಪಟ್ಟಿ ಇಟ್ಟು, ಗೈಡ್‌ಗಳನ್ನು ಮೆಲ್ಲಗೆ ತಂದು ತಾಗಿಸಿ, ಅಲೆನ್ ಕೀಯಿಂದ ಬಿಗಿ ಮಾಡಿ. ಕಾಗದ ಎಳೆದರೆ ಹರಿಯದೆ, ಸ್ವಲ್ಪ ತಡೆದು ಬರಬೇಕು. ಬ್ಲೇಡ್ ಒಂದು ಕಡೆಗೆ ಬಾಗದ ಹಾಗೆ ನೋಡಿಕೊಳ್ಳಿ. ಬಿಗಿ ಮಾಡುವಾಗ ತಿರುಪು ಗೈಡನ್ನು ತನ್ನ ಜೊತೆ ಸ್ವಲ್ಪ ತಿರುಗಿಸಿಕೊಂಡು ಹೋಗುತ್ತದೆ, ಅದೊಂದು ಅದರ ಕೆಟ್ಟ ಬುದ್ಧಿ. ಮತ್ತೆ ಕಾಗದ ಹಾಕಿ ನೋಡಿ.

ಬೆನ್ನಿನ ಬೇರಿಂಗ್ ಬ್ಲೇಡ್‌ನಿಂದ ಅರ್ಧ ಮಿಲಿಮೀಟರ್ ದೂರ. ಯಂತ್ರ ಖಾಲಿ ಓಡುವಾಗ ಅದು ತಿರುಗಬಾರದು. ಮರ ಕೊಟ್ಟಾಗ ಬ್ಲೇಡ್ ಹಿಂದಕ್ಕೆ ಒರಗಿ ಅದನ್ನು ತಿರುಗಿಸಬೇಕು.

ಮೊದಲ ಕೊಯ್ತಗಳು

ಮೊದಲ ದಿನ ತೇಗ ಬೇಡ. ಅಗ್ಗದ ಪೈನ್ ತನ್ನಿ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ಚೂರುಪಾರು ಸಿಗುತ್ತದೆ. ಚಾಕಣ, ಭೋಸರಿ ಕಡೆಯ ಕಾರ್ಖಾನೆಗಳಿಂದ ಬರುವ ಪ್ಯಾಲೆಟ್ (ಸಾಮಾನು ಪೇರಿಸುವ ಹಲಗೆ ಚೌಕಟ್ಟು) ಮರವೂ ಆಗುತ್ತದೆ. ಅದರ ಮೇಲೆ ಗೋಧಿ ತೆನೆಯ ಗುರುತಿನ ಪಕ್ಕ ‘ಎಚ್‌ಟಿ’ ಅಂತ ಅಚ್ಚಿದ್ದರೆ ಬಿಸಿಯಿಂದ ಹುಳ ಕೊಂದ ಮರ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು, ಅದನ್ನು ಬಿಟ್ಟುಬಿಡಿ. ಮೊಳೆ ಉಳಿದಿದೆಯೇ ಅಂತ ಅಯಸ್ಕಾಂತ ಆಡಿಸಿ ನೋಡಿ. ಒಂದು ಮೊಳೆ ಸಾಕು, ಹೊಸ ಬ್ಲೇಡ್ ಹಾಳಾಗಲು.

ಮುಕ್ಕಾಲು ಇಂಚಿನ ಹಲಗೆ ಮೇಲೆ ಪೆನ್ಸಿಲ್‌ನಿಂದ ಅಡಿ ಉದ್ದದ ನೇರ ಗೆರೆ ಎಳೆಯಿರಿ. ಮೇಲಿನ ಗೈಡನ್ನು ಹಲಗೆಗಿಂತ ಕಾಲಿಂಚು ಮಾತ್ರ ಎತ್ತರಕ್ಕೆ ಇಳಿಸಿ. ಬ್ಲೇಡ್ ಎಷ್ಟು ಬೆತ್ತಲೆ ಇರುತ್ತದೋ ಅಷ್ಟು ಬಾಗುತ್ತದೆ, ಬೆರಳಿಗೂ ಅಷ್ಟು ಅಪಾಯ. ಆನ್ ಮಾಡಿ, ಪೂರ್ತಿ ವೇಗ ಬರಲಿ. 250 ಮಿಲಿಮೀಟರ್ ಚಕ್ರ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಬ್ಲೇಡ್ ಸೆಕೆಂಡಿಗೆ 13 ಮೀಟರ್ ಓಡುತ್ತದೆ. ಕೊಯ್ಯುವ ಕೆಲಸ ಅದಕ್ಕೆ ಬಿಡಿ, ನೀವು ಮರ ಒಯ್ದು ಕೊಟ್ಟರೆ ಸಾಕು. ಸದ್ದು ಇಳಿದರೆ ನೀವು ಜಾಸ್ತಿ ದೂಡುತ್ತಿದ್ದೀರಿ.

ಗೆರೆ ಮೇಲೆ ಹೋಗಲು ಹಲಗೆಯನ್ನು ಸ್ವಲ್ಪ ಓರೆ ಹಿಡಿಯಬೇಕಾಗುತ್ತಿದೆಯೇ? ಅದೇ ಬ್ಲೇಡ್‌ನ ಒಲವು. ಎಲ್ಲ ಹೊಂದಿಸಿದ ಮೇಲೂ ಒಲವು ಉಳಿದರೆ, ಅರ್ಧಕ್ಕೆ ಯಂತ್ರ ನಿಲ್ಲಿಸಿ, ಹಲಗೆ ಆ ಓರೆಯಲ್ಲೇ ಇರುವಾಗ ಅದರ ಅಂಚಿನ ಗೆರೆಯನ್ನು ಟೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಎಳೆದು, ಫೆನ್ಸನ್ನು (ಹಲಗೆ ಒರಗಿಸಿ ದೂಡುವ ನೇರ ಪಟ್ಟಿ) ಆ ಗೆರೆಗೆ ತಿರುಗಿಸಿ. ಓರೆ ತುಂಬ ಇದ್ದರೆ ಮಾತ್ರ ಫೆನ್ಸ್ ಮುಟ್ಟಬೇಡಿ, ಗೈಡ್ ಅಥವಾ ಮೊಂಡಾದ ಬ್ಲೇಡನ್ನು ಅನುಮಾನಿಸಿ.

ತಿರುವು ಕೊಯ್ಯುವ ಮೊದಲು ಹೊರಗಿನ ಅಂಚಿನಿಂದ ಗೆರೆಯವರೆಗೆ ಅಲ್ಲಲ್ಲಿ ಸಣ್ಣ ನೇರ ಕೊಯ್ತ ಹಾಕಿಕೊಳ್ಳಿ. ತಿರುಗುವಾಗ ಬೇಡದ ಚೂರು ತಾನೇ ಉದುರಿ ಬ್ಲೇಡ್‌ಗೆ ಜಾಗ ಸಿಗುತ್ತದೆ. ನಡುವೆ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆಯಬೇಡಿ. ಮೊದಲು ಆಫ್, ಬ್ಲೇಡ್ ನಿಂತ ಮೇಲೆ ಎಳೆಯಿರಿ. ಓಡುವಾಗ ಎಳೆದರೆ ಬ್ಲೇಡ್ ಚಕ್ರದಿಂದ ಕಳಚಿ ಬರುತ್ತದೆ.

ದಪ್ಪ ಮರ ಸೀಳುವುದು ಎರಡನೇ ಭಾನುವಾರಕ್ಕೆ ಇರಲಿ. ಅದಕ್ಕೆ ಅರ್ಧ ಇಂಚಿನ 3 ಹಲ್ಲಿನ ಬ್ಲೇಡ್, ಮರದಷ್ಟೇ ಎತ್ತರದ ಹಲಗೆ ಕಟ್ಟಿದ ಫೆನ್ಸ್. ಫೆನ್ಸ್‌ಗೆ ಒರಗುವ ಮೈ, ಟೇಬಲ್ ಮೇಲೆ ಕೂರುವ ಅಂಚು, ಎರಡನ್ನೂ ಕೀಸುಳಿಯಿಂದ ಸಪಾಟು ಮಾಡಿಕೊಳ್ಳಿ. ಕೊನೆಯ ಎರಡು ಇಂಚಿಗೆ ತಳ್ಳುಕೋಲು ಬಳಸಿ.

ಕೈ ಮತ್ತು ಮೂಗು

ಬೆರಳು ಬ್ಲೇಡ್‌ನ ಗೆರೆಯಲ್ಲಿ ಎಂದೂ ಬರಬಾರದು. ವಿಶೇಷವಾಗಿ ಹೆಬ್ಬೆರಳು. ಹಲಗೆ ಮುಗಿಯುವ ಕ್ಷಣದಲ್ಲಿ ತಡೆ ಇಲ್ಲದಾಗಿ ಕೈ ಮುಂದಕ್ಕೆ ಜಾರುತ್ತದೆ. ಓಡುವ ಯಂತ್ರದ ಮುಂದೆ ಕೈಗವಸು ಬೇಡ, ಉದ್ದ ತೋಳು, ಓಡ್ನಿ, ಬಳೆ ಬೇಡ. ದುಂಡಗಿನ ಕೋಲನ್ನು ಕೈಯಲ್ಲಿ ಹಿಡಿದು ಕೊಯ್ಯಬೇಡಿ. ಬ್ಲೇಡ್ ಅದನ್ನು ಗಿರಕಿ ಹೊಡೆಸಿ ಕೈಯನ್ನೂ ಎಳೆದುಕೊಳ್ಳುತ್ತದೆ. ಎರಡು ಓರೆ ಹಲಗೆ ಜೋಡಿಸಿ ತೊಟ್ಟಿಲು ಮಾಡಿ, ಅದರಲ್ಲಿ ಕೋಲನ್ನು ಬಿಗಿದು ಕೊಯ್ಯಿರಿ.

ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಟ್ಟು ಹೊರಹೋಗುವ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ, ಮೂಗಿಗೆ ಎನ್95 ಹಾಕಿ. ಕರ್ಚೀಫು ಕಟ್ಟಿಕೊಂಡರೆ ಆಗುವುದಿಲ್ಲ.

ಕೆಲಸ ಮುಗಿದ ಮೇಲೆ

ಬ್ಲೇಡ್‌ನ ಬಿಗಿ ಸಡಿಲಿಸಿ. ವಾರಗಟ್ಟಲೆ ಬಿಗಿಯಲ್ಲೇ ಬಿಟ್ಟರೆ ರಬ್ಬರ್‌ನಲ್ಲಿ ತಗ್ಗು ಬೀಳುತ್ತದೆ. ಸಡಿಲ ಇದೆ ಅಂತ ಒಂದು ಚೀಟಿ ಬರೆದು ಸ್ವಿಚ್‌ಗೆ ಅಂಟಿಸಿ. ಮರೆತು ಆನ್ ಮಾಡಿದವರಲ್ಲಿ ನಾನೂ ಒಬ್ಬ. ಬಾಗಿಲು ತೆಗೆದು ಚಕ್ರಕ್ಕೆ ಅಂಟಿದ ಪುಡಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಅಂಟು ಇರುವ ಪೈನ್ ಕೊಯ್ದ ದಿನ ಇದನ್ನು ತಪ್ಪಿಸಬೇಡಿ.

ಜೂನ್ ಬಂತೆಂದರೆ ಟೇಬಲ್‌ಗೆ ತಿಂಗಳಿಗೆರಡು ಸಲ ಮೇಣ. ಮುಂಬೈ, ಗೋವಾದಲ್ಲಿದ್ದರೆ ವಾರಕ್ಕೊಮ್ಮೆ ಹಚ್ಚಿ, ಮೇಲೆ ಹಳೇ ಹತ್ತಿ ಚಾದರ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಸಿಲಿಕೋನ್ ಸ್ಪ್ರೇ ಮಾತ್ರ ಬೇಡ. ಅದು ಮರಕ್ಕೆ ಅಂಟಿದರೆ ಆಮೇಲೆ ಪಾಲಿಶ್ ಕೂರುವುದಿಲ್ಲ, ಮೀನಿನ ಕಣ್ಣಿನ ಹಾಗೆ ಚುಕ್ಕಿ ಚುಕ್ಕಿ ಬಿಡುತ್ತದೆ.

ಹೊಟ್ಟೆ ಬಂದಿದ್ದ ಆ ತೇಗದ ಹಲಗೆಯನ್ನು ಎರಡು ತಿಂಗಳ ನಂತರ ಅಜ್ಜನ ಕೀಸುಳಿಯಲ್ಲೇ ಸಪಾಟು ಮಾಡಿದೆ. ಅರ್ಧ ಇಂಚು ಕೂಡ ಉಳಿಯಲಿಲ್ಲ. ಅಡುಗೆಮನೆಯ ಮಸಾಲೆ ಡಬ್ಬಿಗೆ ಮುಚ್ಚಳವಾಯಿತು. ಫೋಟೋ ಕಳಿಸಿದೆ. ಕಾಕಾ ತಿರುಗಿ ಫೋನ್ ಮಾಡಿ ಕೇಳಿದ್ದು ಒಂದೇ: “ಬ್ಲೇಡ್ ಸಡ್ಲ ಮಾಡೀಯೇನಪಾ?”